ಪೋಷಕರಿಗೆ ಪತ್ರ: ಮಳೆಗಾಲದ ಆಟಿ ತಿಂಗಳು, ಮಕ್ಕಳ ಹೊಟ್ಟೆ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಕಳೆದ ವಾರ ಐದನೇ ಕ್ಲಾಸಿನ ನಾಲ್ಕು ಮಕ್ಕಳು ಒಂದೇ ದಿನ ಹೊಟ್ಟೆನೋವು ಅಂತ ಆಫೀಸ್ ರೂಮಿಗೆ ಬಂದರು. ಏನು ಕುಡಿದಿರಿ ಎಂದು ಕೇಳಿದೆ. "ಕುದಿಸಿದ ನೀರೇ ಟೀಚರ್" ಎಂದರು. ಸ್ವಲ್ಪ ಕೆದಕಿದಾಗ ವಿಷಯ ಹೊರಬಿತ್ತು. ಕುದಿಸಿದ್ದು ಹೌದು. ಆದರೆ ಬಸ್ಸಿಗೆ ಹೊತ್ತಾಯಿತೆಂದು ಬಾವಿಯ ತಣ್ಣೀರು ಬೆರೆಸಿ ಬಾಟಲಿ ತುಂಬಿಸಿದ್ದಾರೆ! ಹೊಟ್ಟೆನೋವಿಗೆ ಅದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಹಾಗೆ ಬೆರೆಸಿದರೆ ಕುದಿಸಿದ ಸೌದೆ ದಂಡ, ಅಲ್ವಾ? ಕಾಮಾಲೆ, ವಾಂತಿಭೇದಿ ಹರಡುವುದು ಇಂಥ ನೀರಿನಿಂದಲೇ.

ರಾತ್ರಿ ಊಟವಾದ ಮೇಲೆ ನೀರನ್ನು ಕೊತಕೊತ ಕುದಿಸಿ ಮುಚ್ಚಿಡಿ. ಬೆಳಗಾಗುವಾಗ ತಾನೇ ತಣಿದಿರುತ್ತದೆ. ಗುಡ್ಡ ಕೊರೆದ ಸುರಂಗದ ನೀರಿರುವ ಮನೆಯವರಿಗೂ ಇದೇ ಮಾತು. ನೋಡಲಿಕ್ಕೆ ತಿಳಿಯಾಗಿದ್ದರೂ ಗುಡ್ಡದ ಮಳೆನೀರು ಇಳಿದು ಸೇರುವ ಕಾಲ ಇದು.

ಇನ್ನು ತಿನ್ನುವ ವಿಷಯ. ಬರೀ ಚಾ, ಬಿಸ್ಕೆಟಿನಲ್ಲಿ ಹೊರಟು ಬರುವ ಮಕ್ಕಳು ಹನ್ನೊಂದು ಗಂಟೆಗೆ ಬೆಂಚಿನ ಮೇಲೆ ತಲೆಯಿಡುತ್ತಾರೆ. ಒಂದು ಬಟ್ಟಲು ಬಿಸಿ ಕುಚ್ಚಲಕ್ಕಿ ಗಂಜಿ, ಜೊತೆಗೆ ಹೆಸರುಕಾಳಿನ ಪಲ್ಯ ಇದ್ದರೂ ಸಾಕು. ಹುಡುಗನೊಬ್ಬ ಕೆಸುವಿನ ಎಲೆಯ ಪತ್ರೊಡೆ ತಂದು ಡಬ್ಬಿಯ ಮುಚ್ಚಳ ಮರೆಮಾಡಿ ತಿನ್ನುತ್ತಿದ್ದ. ಬೇರೆಯವರು ನಗುತ್ತಾರಂತೆ. ನಾನೇ ಒಂದು ತುಂಡು ಕೇಳಿ ತಿಂದೆ. ಈಗ ಅವನ ಡಬ್ಬಿಗೇ ಗಿರಾಕಿಗಳು ಜಾಸ್ತಿ. ಕೆಸುವಿನ ಎಲೆಗೆ ಹುಣಸೆಹುಳಿ ಸರಿಯಾಗಿ ಹಾಕಿ ಚೆನ್ನಾಗಿ ಬೇಯಿಸಿ, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಚಗತೆ ಸೊಪ್ಪು, ತಿಮರೆ (ಒಂದೆಲಗ) ತಂಬುಳಿ, ಹಲಸಿನ ಬೀಜ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಇದೆಲ್ಲ ನಮ್ಮ ಹಿತ್ತಿಲಲ್ಲೇ ಇರುವಾಗ ಪ್ಯಾಕೆಟ್ ತಿಂಡಿಗೆ ಸುಮ್ನೆ ಯಾಕೆ ದುಡ್ಡು?

ಜುಲೈ 31ರವರೆಗೆ ಟ್ರಾಲಿಂಗ್ (ಯಾಂತ್ರಿಕ ದೋಣಿಯ ಮೀನುಗಾರಿಕೆ) ನಿಷೇಧ. ಹಸಿಮೀನು ಕಡಿಮೆ, ರೇಟು ಜಾಸ್ತಿ. ಎಷ್ಟೋ ದಿನ ಐಸಿನಲ್ಲಿಟ್ಟ ಮೀನಿಗಿಂತ ಹುರುಳಿ ಸಾರು, ಮೊಟ್ಟೆ ಎಷ್ಟೋ ವಾಸಿ.

ಆಟಿ ಅಮಾವಾಸ್ಯೆಯಂದು ಕುಡಿಯುವ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯದ ಬಗ್ಗೆ ಒಂದು ಮಾತು. ಕುಡಿಯಬೇಡಿ ಅನ್ನುವುದಿಲ್ಲ, ನಮ್ಮ ಮನೆಯಲ್ಲೂ ಕುಡಿಯುತ್ತೇವೆ. ಆದರೆ ಹಾಲೆ ಮರದ ಗುರುತು ಚೆನ್ನಾಗಿರುವವರೇ ಕೆತ್ತೆ ತರಲಿ. ನಸುಕಿನ ಕತ್ತಲಲ್ಲಿ ಮರ ತಪ್ಪಿ ಕಾಸರಕದ ಕೆತ್ತೆ ಬಂದರೆ ಅದು ವಿಷ.

ಶುಕ್ರವಾರ ಶಾಲೆಯಲ್ಲಿ ಡ್ರೈ ಡೇ, ಅಂದರೆ ನಿಂತ ನೀರು ಚೆಲ್ಲುವ ದಿನ, ಮಾಡುತ್ತೇವೆ. ಆದಿತ್ಯವಾರ ಮನೆಯಲ್ಲಿ ನೀವು ಮಾಡಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರ್ ಹಾಲು ಹಿಡಿಯುವ ಚಿಪ್ಪು, ಇವುಗಳಲ್ಲಿ ನಿಂತ ನೀರು ಚೆಲ್ಲಿ ಕವುಚಿಡಿ. ಡೆಂಗಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ.

ಹಾಜರಿ ಹೋಗುತ್ತದೆಂದು ಜ್ವರದ ಮಕ್ಕಳನ್ನು ಕಳಿಸಬೇಡಿ. ಹಾಜರಿ ನಾವು ನೋಡಿಕೊಳ್ಳುತ್ತೇವೆ. ಅಂಗಡಿಯ ಮಾತ್ರೆ ನುಂಗಿಸಿ ಕೂರದೆ ಆಸ್ಪತ್ರೆಗೆ ತೋರಿಸಿ. ಭೇದಿಯಾದರೆ ಆಶಾ ಕಾರ್ಯಕರ್ತೆಯ ಹತ್ತಿರ ಓಆರ್‌ಎಸ್ ಪೊಟ್ಟಣ ಸಿಗುತ್ತದೆ. ಅದರ ಮೇಲೆ ಬರೆದಷ್ಟೇ ನೀರು ಹಾಕಿ, ಅಂದಾಜು ಬೇಡ.

ಮುಂದಿನ ಬುಧವಾರ ಶಾಲೆಯ ಊಟಕ್ಕೆ ಚಗತೆ ಸೊಪ್ಪಿನ ಪಲ್ಯ ಮಾಡಿಸಬೇಕೆಂದಿದ್ದೇನೆ. ಹಿತ್ತಿಲಲ್ಲಿ ಇದ್ದವರು ಎಳೆಯದು ನೋಡಿ ಒಂದೊಂದು ಕಟ್ಟು ಕಳಿಸಿ. ರಸ್ತೆ ಬದಿಯದ್ದು ಬೇಡ.

ಇಂತು,
ಮುಖ್ಯೋಪಾಧ್ಯಾಯಿನಿ