ಸ್ಫೋಟ ವೆಂಟ್‌ನ ಮುಖ ಎತ್ತ ಇದೆ, ನೋಡಿದ್ದೀರಾ?

ಮಾನ್ಯ ಸಂಪಾದಕರೇ,

ಹಾಸನ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕ, ಪಶು ಆಹಾರದ ಗಿರಣಿಗಳಲ್ಲಿ ಧೂಳು ಎಳೆದುಕೊಳ್ಳಲು ಬ್ಯಾಗ್ ಫಿಲ್ಟರ್‌ಗಳನ್ನು (ಒಳಗಿನ ಬಟ್ಟೆ ಚೀಲಗಳಲ್ಲಿ ಧೂಳು ಸೋಸುವ ತಗಡಿನ ಪೆಟ್ಟಿಗೆ) ಹಾಕುತ್ತಾರೆ. ಒಣಗಿದ ಹೊಟ್ಟಿನ, ಮೆಕ್ಕೆಜೋಳದ ನುಣ್ಣನೆ ಧೂಳು ಗಾಳಿಯಲ್ಲಿ ತೇಲುತ್ತಿರುವಾಗ ಕಿಡಿ ತಾಗಿದರೆ, ಮುಚ್ಚಿದ ಪೆಟ್ಟಿಗೆಯೊಳಗೆ 7–8 ಬಾರ್ ಒತ್ತಡ (ಒಂದು ಬಾರ್ ಎಂದರೆ ಸುಮಾರಾಗಿ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಏಳಬಲ್ಲದು. ತಗಡಿನ ಫಿಲ್ಟರ್ ಅರ್ಧ ಬಾರ್ ತಾಳುವುದೂ ಕಷ್ಟ. ಅದಕ್ಕೇ ಅದರ ಪಕ್ಕೆಯಲ್ಲಿ ಸುಮಾರು 0.1 ಬಾರ್‌ಗೆ ಒಡೆದುಕೊಂಡು ಒತ್ತಡವನ್ನು ಹೊರಬಿಡುವ ತೆಳು ವೆಂಟ್ ಫಲಕ ಇರಬೇಕು.

ವೆಂಟ್ ಸ್ಫೋಟವನ್ನು ತಡೆಯುವುದಿಲ್ಲ, ಹೊರಗೆ ದೂಡುತ್ತದೆ ಅಷ್ಟೆ. ಸುಡದೆ ಉಳಿದ ಧೂಳೂ ಹೊರಬಿದ್ದ ಮೇಲೆ ಹೊತ್ತಿಕೊಳ್ಳುವುದರಿಂದ, 8 ಘನ ಮೀಟರ್ ಫಿಲ್ಟರಿನ ಜ್ವಾಲೆ 15–20 ಮೀಟರ್ ಚಾಚಬಹುದು. ಹೀಗಿರುವಾಗ ವೆಂಟ್ ಅನ್ನು ಕಣದ ಕಡೆಗೋ ಲಾರಿಗೆ ಮೂಟೆ ಏರಿಸುವ ಕಡೆಗೋ ತಿರುಗಿಸಿ ಇಡುವುದೆಂದರೇನು? ಶೆಡ್ಡಿನೊಳಗೆ ತೆರೆಯುವುದಂತೂ ಕೂಡದು: ತೊಲೆಗಳ ಮೇಲಿನ ಧೂಳು ಅದುರಿ ಉದುರಿ, ಎರಡನೆಯ ಸ್ಫೋಟ ಮೊದಲನೆಯದಕ್ಕಿಂತ ದೊಡ್ಡದಾಗಬಹುದು. 2008ರಲ್ಲಿ ಅಮೆರಿಕದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯಲ್ಲಿ 14 ಮಂದಿ ಸತ್ತದ್ದು ಇಂಥದೇ ಸರಣಿಯಲ್ಲಿ. ಫಿಲ್ಟರನ್ನು ಶೆಡ್ಡಿನ ಹೊರಗಿಡುವುದೇ ಸರಿ. ಆಗದಿದ್ದರೆ ವೆಂಟ್‌ನಿಂದ ಹೊರಗೋಡೆಗೆ ಅಷ್ಟೇ ಅಗಲದ, ಎಲ್ಲೂ ಬಾಗದ ಗಿಡ್ಡ ಡಕ್ಟ್ (ಕೊಳವೆ) ಹಾಕಬೇಕು. ಡಕ್ಟ್ ಉದ್ದವಾದಷ್ಟೂ ಒಳಗಿನ ಒತ್ತಡ ಏರುವುದರಿಂದ ವೆಂಟ್ ಅಳತೆಯನ್ನೂ ಮತ್ತೆ ಲೆಕ್ಕ ಹಾಕಬೇಕು.

ಮಲೆನಾಡಿನ ಮಳೆಗೆ ನೀರು ಸೋರಿತೆಂದು ಫಲಕದ ಮೇಲೆ ಕಬ್ಬಿಣದ ತಗಡು ಬೋಲ್ಟ್ ಮಾಡಿದರೆ ವೆಂಟ್ ಇದ್ದೂ ಇಲ್ಲದಂತೆ. ತೂಕ ಹೆಚ್ಚಿದರೆ ಫಲಕ ತಡವಾಗಿ ತೆರೆಯುತ್ತದೆ, ಅಷ್ಟರಲ್ಲಿ ಪೆಟ್ಟಿಗೆಯೇ ಸೀಳಿರುತ್ತದೆ. ಫಲಕ ತಯಾರಿಸಿದವರೇ ಪರೀಕ್ಷಿಸಿದ ಹಗುರ ಮುಚ್ಚಳ ಮಾತ್ರ ಬಳಸಬೇಕು. ಒಳಗಿನ ಚೀಲಗಳು ಉಬ್ಬಿ ವೆಂಟ್ ಬಾಯಿಗೆ ಅಡ್ಡ ಬರದಂತೆಯೂ ನೋಡಬೇಕು.

ವೆಂಟ್ ಒಂದೇ ಇದ್ದರೆ ಬೆಂಕಿ ಹೀರುಕೊಳವೆಯಲ್ಲಿ ಹಿಂದೆ ಓಡಿ ಹಲ್ಲರ್‌ಗೆ (ಸಿಪ್ಪೆ ಸುಲಿಯುವ ಯಂತ್ರ) ತಲುಪಬಹುದು. ಕೊಳವೆಯಲ್ಲಿ ಹಿಮ್ಮುಖ ಅಲೆಗೆ ತಾನೇ ಮುಚ್ಚಿಕೊಳ್ಳುವ ಫ್ಲಾಪ್ ವಾಲ್ವ್, ಧೂಳು ಬಂದು ಬೀಳುವ ಹಾಪರ್ ತಳದಲ್ಲಿ ಸ್ಫೋಟ ತಾಳುವ ರೋಟರಿ ವಾಲ್ವ್ (ತಿರುಗುತ್ತಾ ಧೂಳನ್ನು ಕೆಳಗಿಳಿಸುವ ಸಾಧನ) ಎರಡೂ ಬೇಕು. ಸ್ಫೋಟವಾದ ಕ್ಷಣ ರೋಟರಿ ನಿಲ್ಲದಿದ್ದರೆ ಉರಿಯುವ ಧೂಳು ಮೂಟೆಗೇ ಸುರಿಯುತ್ತದೆ. ಇನ್ನು ತೊಲೆಯ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಹಾರಿಸುವ ಚಾಳಿ ಬಿಡಿ, ಧೂಳಿಗೆ ತಕ್ಕ ವ್ಯಾಕ್ಯೂಮ್ ಬಳಸಿ.

ಸ್ಫೋಟಕ ಧೂಳಿಗೆ ವೆಂಟ್, ತಡೆಗಳ ಮಾತು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 37ನೇ ಕಲಮಿನಲ್ಲೇ ಇತ್ತು. ನಕ್ಷೆ ಮಂಜೂರಾತಿಯ ವೇಳೆ ಕಾರ್ಖಾನೆ ಇಲಾಖೆ ಮೂರು ಕಾಗದ ಕೇಳಲಿ: ಆ ಘಟಕದ್ದೇ ಧೂಳಿನ ಪರೀಕ್ಷಾ ವರದಿ, ಅದರ ಮೇಲೆ ಮಾಡಿದ ವೆಂಟ್ ಲೆಕ್ಕ, ವೆಂಟ್ ಮುಂದಿನ ನಿಷಿದ್ಧ ಜಾಗ ಗುರುತಿಸಿದ ನಕ್ಷೆ.

– ಕಾರ್ಖಾನೆ ನಿರ್ವಹಣಾ ಎಂಜಿನಿಯರ್‌ಗಳು, ಹಾಸನ