ಓದುವವರು ಬೇಕಾಗಿದ್ದಾರೆ

ಸ್ಟುಟ್‌ಗಾರ್ಟ್‌ನ ನಮ್ಮ ಕನ್ನಡ ಸಂಘದ ಪತ್ರಿಕೆಯ ಜುಲೈ ಸಂಚಿಕೆ ಜುಲೈಯಲ್ಲೇ ಕೈಸೇರಬೇಕೆಂದು ಸಮಿತಿಯ ಕಟ್ಟಪ್ಪಣೆ. ಈಗ ರಾತ್ರಿ ಹನ್ನೊಂದು ದಾಟಿದೆ, ಬೆಳಿಗ್ಗೆ ಪುಟಗಳನ್ನು ಮುದ್ರಣಕ್ಕೆ ಕಳಿಸಬೇಕು. ಬರುತ್ತದೆ, ಬರುತ್ತದೆ ಎಂದ ಎರಡು ಲೇಖನ ಇನ್ನೂ ಬಂದಿಲ್ಲ (ಯಾರದ್ದೆಂದು ಬರೆಯುವುದಿಲ್ಲ, ಓದುವಾಗ ಅವರಿಗೇ ತಿಳಿಯುತ್ತದೆ). ಹಾಗಾಗಿ ಈ ಸಲದ ಸಂಪಾದಕೀಯ ಸ್ವಲ್ಪ ಉದ್ದ. ಜಾಗ ತುಂಬಬೇಕಲ್ಲ.

ಜುಲೈ ಒಂದು ಕರ್ನಾಟಕದಲ್ಲಿ ಪತ್ರಿಕಾ ದಿನ. 1843ರ ಅದೇ ದಿನ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಕಲ್ಲಚ್ಚಿನಲ್ಲಿ ಹೊರಬಿತ್ತು. ತಂದವರು ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್. ಹುಟ್ಟಿದ್ದು 1811ರಲ್ಲಿ ಬ್ರಾಕೆನ್‌ಹೈಮ್‌ನಲ್ಲಿ, ತೀರಿಕೊಂಡದ್ದು 1881ರಲ್ಲಿ ಎಸ್ಲಿಂಗೆನ್‌ನಲ್ಲಿ. ನಮ್ಮಲ್ಲಿ ಎಷ್ಟೋ ಜನ ಎಸ್-ಬಾನ್ ರೈಲು ಹತ್ತಿ ದಿನಾ ಹಾದುಹೋಗುವ ಎಸ್ಲಿಂಗೆನ್! ಪ್ರತಿ ಜುಲೈಯಲ್ಲೂ ಅವರ ಬಗ್ಗೆ ಒಂದು ಪ್ಯಾರಾ ಬರೆದು, ಅಂತರ್ಜಾಲದಲ್ಲಿ ಸಿಗುವ ಅದೇ ಫೋಟೋ ಹಾಕಿ ಕೈತೊಳೆದುಕೊಳ್ಳುವುದು ಈ ಪತ್ರಿಕೆಯ ಪದ್ಧತಿ. ಈ ಸಲ ಅದಕ್ಕೆ ಅಡ್ಡ ಬಂದದ್ದು ಒಂದು ರಟ್ಟಿನ ಪೆಟ್ಟಿಗೆ.

ನಮ್ಮ ಹುಬ್ಬಳ್ಳಿ ದಂಪತಿ ಕೊನೆಗೂ ಊರಿಗೆ ಹೊರಟರಲ್ಲ, ಮನೆ ಖಾಲಿ ಮಾಡುವಾಗ ಸಂಘಕ್ಕೆಂದು ಒಂದಷ್ಟು ಸಾಮಾನು ಬಿಟ್ಟುಹೋದರು. ರೊಟ್ಟಿ ಹಂಚು, ಇಡ್ಲಿ ಕುಕ್ಕರ್, ನವೆಂಬರ್‌ನಲ್ಲಿ ಕಟ್ಟುವ ಹಳದಿ ಕೆಂಪು ಬಟ್ಟೆ. ಎಲ್ಲದರ ತಳದಲ್ಲಿ, ಎತ್ತಲು ಎರಡೂ ಕೈ ಬೇಕಾದ ಒಂದು ಹಳೇ ಪುಸ್ತಕ. ಚರ್ಮದ ರಟ್ಟು, ಹಿತ್ತಾಳೆಯ ಎರಡು ಕೊಂಡಿ, ಅದರಲ್ಲಿ ಒಂದು ಮುರಿದಿದೆ. ಕಾರ್ಲ್ಸ್‌ಪ್ಲಾಟ್ಸ್‌ನ ಶನಿವಾರದ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡದ್ದಂತೆ. “ಚಂದ ಕಂಡ್ತು ಅಂತ ತಗೊಂಡ್ವಿರಿ. ಓದಾಕ ಯಾರಿಗೆ ಬರತೈತಿ?” ಅಂದರು ಆ ಅಣ್ಣ. ಇಂಥವು ಇಲ್ಲಿ ಹತ್ತು ಹದಿನೈದು ಯೂರೋಗೆ ಸಿಗುತ್ತವೆ. ಹಿಂದೆ ಮನೆಮನೆಯಲ್ಲೂ ಇದ್ದದ್ದರಿಂದ ಹಳೇ ಪುಸ್ತಕದ ವ್ಯಾಪಾರಿಗಳು ಇವುಗಳ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ.

ಅದು ಲುಡ್ವಿಗ್ ಹೋಫಾಕರ್ ಎಂಬ ಪಾದ್ರಿಯ ಪ್ರಸಂಗಗಳ, ಅಂದರೆ ಚರ್ಚಿನಲ್ಲಿ ಮಾಡುವ ಧರ್ಮಬೋಧೆಗಳ, ಸಂಪುಟ, ನಮ್ಮ ಸ್ಟುಟ್‌ಗಾರ್ಟ್‌ನಲ್ಲೇ ಅಚ್ಚಾದದ್ದು. ಹೋಫಾಕರ್ ಬದುಕಿದ್ದು ಬರೀ ಮೂವತ್ತು ವರ್ಷ, 1798ರಿಂದ 1828. ಇಲ್ಲಿಯ ಲಿಯೊನ್‌ಹಾರ್ಡ್ ಚರ್ಚಿನಲ್ಲಿ ಅಪ್ಪನಿಗೆ ಸಹಾಯಕನಾಗಿದ್ದಾಗ ಪ್ರಸಂಗ ಕೇಳಲು ಚರ್ಚು ತುಂಬಿ ತುಳುಕುತ್ತಿತ್ತಂತೆ. ಆಮೇಲೆ ಕಾಯಿಲೆ. ಕೊನೆಯ ಎರಡು ವರ್ಷ ಮಾರ್ಬಾಖ್ ಹತ್ತಿರದ ರೀಲಿಂಗ್ಸ್‌ಹೌಸೆನ್ ಎಂಬ ಹಳ್ಳಿಯಲ್ಲಿ. ಅಲ್ಲಿಗೂ ಸುತ್ತಲ ಊರುಗಳಿಂದ ಜನ ನಡೆದುಕೊಂಡೇ ಬರುತ್ತಿದ್ದರು. ಸತ್ತ ಮೇಲೆ ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು. ಅಡ್ವೆಂಟ್‌ನಿಂದ (ಕ್ರಿಸ್‌ಮಸ್‌ಗೆ ಮುಂಚಿನ ವಾರಗಳು) ಹಿಡಿದು ವರ್ಷದ ಎಲ್ಲ ಭಾನುವಾರಗಳಿಗೆ, ಹಬ್ಬಗಳಿಗೆ ಒಂದೊಂದು ಪ್ರಸಂಗ. ಕೊನೆಯಲ್ಲಿ ಪಶ್ಚಾತ್ತಾಪದ ದಿನದ ಕೆಲವು, ಸಮಾಧಿಯ ಬಳಿ ಆಡಿದ ಕೆಲವು ಮಾತು.

ನನ್ನ ಮಗಳು ಪುಸ್ತಕ ಬಿಡಿಸಿದಳು. ಹುಟ್ಟಿದ್ದು ಇಲ್ಲೇ, ಓದುವುದು ಇಲ್ಲಿಯ ಶಾಲೆಯಲ್ಲೇ. ಆದರೂ ಆ ಹಳೇ ಕೋನಕೋನದ ಅಕ್ಷರಗಳ ಜರ್ಮನ್ ಅಚ್ಚು ಅವಳಿಗೆ ಒಂದು ಸಾಲೂ ಓದಲಾಗಲಿಲ್ಲ. ಮುಂದಿನ ಖಾಲಿ ಹಾಳೆಗಳಲ್ಲಿ ಯಾರೋ ಶಾಯಿಯಲ್ಲಿ ಬರೆದದ್ದು ಕಂಡು, “ಅಮ್ಮಾ, ಪುಸ್ತಕದಲ್ಲೇ ಗೀಚಿದ್ದಾರೆ!” ಅಂದಳು. ಆಮೇಲೆ ಅದರ ದಪ್ಪ ನೋಡಿ, “ಇಷ್ಟೆಲ್ಲಾ ಯಾರು ಓದ್ತಾರೆ?”

ಯಾರು ಓದುತ್ತಿದ್ದರು? ಮೇಲಿನ ಮಹಡಿಯ ಅಜ್ಜಿಗೆ ಆ ಹಳೇ ಕೈಬರಹ ಓದಲು ಬರುತ್ತದೆ. ಅವರನ್ನು ಕರೆದು ಕಾಫಿ ಕೊಟ್ಟು ಕೂರಿಸಿಕೊಂಡೆ. ಗೀಚಿದ್ದು ಗೀಚಿದ್ದಲ್ಲ, ಒಂದು ರೈತ ಕುಟುಂಬದ ಲೆಕ್ಕ. ಮಕ್ಕಳು ಹುಟ್ಟಿದ ದಿನ, ದೀಕ್ಷಾಸ್ನಾನ, ಮದುವೆ, ಮರಣ. ನಡುವೆ ಒಂದು ಕಡೆ ಆಲಿಕಲ್ಲು ಮಳೆ, ದ್ರಾಕ್ಷಿ ಹೋಯಿತು ಎಂದು. ಮಹಡಿಯ ಅಜ್ಜಿಯ ಬಾಲ್ಯದಲ್ಲೂ ಅವರ ಅಜ್ಜ ಭಾನುವಾರ ಮಧ್ಯಾಹ್ನ ಇಂಥದ್ದೇ ಒಂದು ಪುಸ್ತಕ ತೆಗೆದು ಆ ದಿನದ ಪ್ರಸಂಗ ಗಟ್ಟಿಯಾಗಿ ಓದುತ್ತಿದ್ದರಂತೆ. ಮಕ್ಕಳು ಅಲ್ಲಾಡುವಂತಿಲ್ಲ. ಅವರ ಅಜ್ಜಿ ಹೆಣೆಯುವಂತಿಲ್ಲ, ಭಾನುವಾರವಲ್ಲವೇ.

ಈ ವುರ್ಟೆಂಬರ್ಗ್ ಸೀಮೆಯಲ್ಲಿ ಮನೆಯೊಳಗೆ ಸೇರಿ ಓದುವುದಕ್ಕೆ ಒಂದು ಚರಿತ್ರೆಯೇ ಇದೆ. ಪಾದ್ರಿಯಿಲ್ಲದೆ ಜನ ತಾವೇ ಸೇರುವುದನ್ನು ಮೊದಲು ಸರಕಾರ ಅನುಮಾನದಿಂದ ನೋಡುತ್ತಿತ್ತು. 1743ರಲ್ಲಿ ಷರತ್ತು ಹಾಕಿ ಒಪ್ಪಿಕೊಂಡಿತು. 1816ರಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಹೋಯಿತು. ಮರುವರ್ಷ ಹಸಿವೆಯಿಂದಲೂ, ಪ್ರಭುತ್ವ ಹೇರಿದ ಹೊಸ ಪೂಜಾಕ್ರಮ ಬೇಡವೆಂದೂ ಸಾವಿರಾರು ಜನ ದೋಣಿ ಹತ್ತಿ ಡಾನ್ಯೂಬ್ ಇಳಿದು ರಷ್ಯಾದ ಕಡೆ ಹೋದರು. ಇಂದಿನ ಜಾರ್ಜಿಯಾದಲ್ಲಿ ಕಾಥರಿನೆನ್‌ಫೆಲ್ಡ್ ಎಂಬ ಊರು ಕಟ್ಟಿದರು. ಅಂಥ ಹೊಸ ಊರುಗಳಲ್ಲಿ ಒಬ್ಬ ಪಾದ್ರಿಗೆ ಹತ್ತಾರು ಹಳ್ಳಿ. ಭಾನುವಾರ ಚರ್ಚಿನಲ್ಲಿ ನಿಂತು ಪ್ರಸಂಗದ ಪುಸ್ತಕ ಓದುತ್ತಿದ್ದವನು ಶಾಲೆಯ ಮಾಸ್ತರ. ಅವನು ದೇವಶಾಸ್ತ್ರ ಕಲಿತವನಲ್ಲ. ಅಕ್ಷರ ಬರುತ್ತಿತ್ತು, ಗಂಟಲಿತ್ತು, ಅಷ್ಟೇ. ಆ ವಲಸಿಗರ ಭಾಷೆ ನೂರು ವರ್ಷ ದಾಟಿ ಉಳಿದದ್ದರಲ್ಲಿ ಈ ಮಾಸ್ತರರ ಪಾಲು ದೊಡ್ಡದೆಂದೇ ನನ್ನ ನಂಬಿಕೆ.

ಪ್ರಸಂಗಗಳು ಹೇಗಿವೆ? ಮೇಲಿನ ಮಹಡಿಯ ಅಜ್ಜಿ ಎರಡು ಓದಿ ಹೇಳಿದರು. ನೇರ ಮಾತು, ಪಾಂಡಿತ್ಯದ ಪ್ರದರ್ಶನವಿಲ್ಲ. ಆದರೆ ಒಂದೇ ರಾಗ. ನೀನು ಪಾಪಿ, ಇಂದೇ ತಿರುಗು, ನಾಳೆ ಎನ್ನಬೇಡ. ಎರಡನೆಯದು ಮುಗಿಯುವಷ್ಟರಲ್ಲಿ ನನಗೆ ಆಯಾಸವಾಗಿತ್ತು, ಅಜ್ಜಿಗೂ ಆಗಿತ್ತು, ಇಬ್ಬರೂ ಇನ್ನೊಂದು ಕಪ್ ಕಾಫಿ ಕುಡಿದೆವು. ಕಾಗದವನ್ನು ಮಾತ್ರ ಮೆಚ್ಚಬೇಕು. ಚಿಂದಿ ಬಟ್ಟೆಯಿಂದ ಮಾಡಿದ ಆ ಕಾಲದ ಕಾಗದ ಇನ್ನೂ ಗಟ್ಟಿ. ನನ್ನ ಕಪಾಟಿನಲ್ಲಿರುವ ಎಪ್ಪತ್ತರ ದಶಕದ ಕನ್ನಡ ಕಾದಂಬರಿಗಳು ಮುಟ್ಟಿದರೆ ಹಪ್ಪಳ.

ಮನೆಯೊಳಗಿನ ಈ ಓದು ನಮ್ಮ ಪೈಕಿ ಕರಾವಳಿ, ಮಲೆನಾಡಿನವರಿಗೆ ಹೊಸದಲ್ಲ. ಉಡುಪಿ ಕಡೆಯ ನನ್ನ ಅಜ್ಜನ ಮನೆಯಲ್ಲಿ ಆಟಿ ತಿಂಗಳು ಬಂದರೆ, ನಾಟಿ ಮುಗಿದಿರುತ್ತದೆ, ಹೊರಗೆ ಕಾಲಿಡಲಾಗದ ಮಳೆ, ರಾತ್ರಿ ಊಟ ಆದ ಮೇಲೆ ಚಾವಡಿಯಲ್ಲಿ ಜೈಮಿನಿ ಭಾರತ. ಮರದ ವ್ಯಾಸಪೀಠ, ಮೇಲೆ ಪುಸ್ತಕ, ಪಕ್ಕದಲ್ಲಿ ಲಾಟೀನು. ಕರೆಂಟು ಇದ್ದರೂ ಲಾಟೀನು, ಏಕೆಂದರೆ ಅದು ಹೋಗುವುದು ಖಂಡಿತ. ಅಜ್ಜ ಷಟ್ಪದಿಯನ್ನು ರಾಗವಾಗಿ ಓದಬೇಕು, ಶಾಲೆಯ ಮೇಷ್ಟ್ರು ಅರ್ಥ ಹೇಳಬೇಕು. ಗದ್ದೆ ಕೆಲಸಕ್ಕೆ ಬರುತ್ತಿದ್ದವರು, ನೆರೆಮನೆಯವರು ಜಗಲಿಯಲ್ಲಿ. ಹೆಂಗಸರು ಒಳಬಾಗಿಲ ಬಳಿ. ನಾವು ಮಕ್ಕಳು ಹುರಿದ ಹಲಸಿನ ಬೀಜ ಜೇಬಿಗೆ ತುಂಬಿಕೊಂಡು, ಸುಧನ್ವನನ್ನು ಕುದಿಯುವ ಎಣ್ಣೆಗೆ ಹಾಕುವ ಭಾಗಕ್ಕೆ ಕಾಯುತ್ತಿದ್ದೆವು. ಮೇಷ್ಟ್ರಿಗೆ ನಮ್ಮ ರುಚಿ ಗೊತ್ತಿತ್ತು. ಎಣ್ಣೆ ಕುದಿಯುವುದನ್ನು ವರ್ಣಿಸಲು ಲಕ್ಷ್ಮೀಶನಿಗಿಂತ ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು.

ಅಜ್ಜಿ ಬತ್ತಿ ಹೊಸೆಯುತ್ತಾ ಕೇಳುತ್ತಿದ್ದರು. ಆದರೆ ರಾಮ ಸೀತೆಯನ್ನು ಕಾಡಿಗೆ ಕಳಿಸುವ ಸಂಧಿ ಶುರುವಾದ ಕೂಡಲೇ ಎದ್ದು ಅಡಿಗೆಮನೆಗೆ. “ಅದೊಂದು ಮುಗಿದ ಮೇಲೆ ಕರೀರಿ.” ಪ್ರತಿ ವರ್ಷ ಹೀಗೇ. ಅಜ್ಜ ಒಮ್ಮೆ, ಪೂರ್ತಿ ಕೇಳದಿದ್ದರೆ ಪುಣ್ಯ ಹೇಗೆ ಅಂತ ಕೆಣಕಿದರು. “ಆ ಪುಣ್ಯ ನಿಮಗೇ ಇರಲಿ, ನಂಗೆ ಬೇಡ,” ಎಂದು ಒಳಗಿನಿಂದಲೇ ಉತ್ತರ ಬಂತು. ಜಗಲಿಯಲ್ಲಿದ್ದವರು ನಕ್ಕದ್ದಕ್ಕೆ ಅಜ್ಜ ಎರಡು ಪದ್ಯ ತಪ್ಪಿಸಿ ಓದಿದರು.

ಅಜ್ಜನಿಗೆ ಕಣ್ಣು ಮಂಜಾದ ಮೇಲೆ ಓದಲು ಕೂತವನು ದೊಡ್ಡ ಮಾವನ ಮಗ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದ, ರಾಗವಂತೂ ಅವನದೇ. ಮೇಷ್ಟ್ರು ಒಂದು ದಿನವೂ ನಾಲ್ಕು ಜನರ ಎದುರು ತಿದ್ದಲಿಲ್ಲ. ಮೂರನೇ ಮಳೆಗಾಲದ ಹೊತ್ತಿಗೆ ಅವನ ಓದು ಕೇಳಲೆಂದೇ ಜನ ಬರುತ್ತಿದ್ದರು. ಆಮೇಲೆ ಟಿವಿ ಬಂತು, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಾಲಿ ಹಾಳೆಯ ಲೆಕ್ಕ ನಮ್ಮಲ್ಲೂ ಇತ್ತು, ಪಂಚಾಂಗದ ಅಂಚಿನಲ್ಲಿ: ದನ ಕರು ಹಾಕಿದ್ದು, ಚಿಕ್ಕಮ್ಮ ಹುಟ್ಟಿದ್ದು, ತೋಡಿನ ನೀರು ಅಂಗಳಕ್ಕೆ ಬಂದದ್ದು.

ಇನ್ನು ಮೊಗ್ಲಿಂಗ್. 1836ರಲ್ಲಿ ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದ ಅವರು, ಅವರ ಗೆಳೆಯ ಗುಂಡರ್ಟ್, ಅದಕ್ಕೂ ಮೊದಲು 1834ರಲ್ಲಿ ಬಂದ ಉಲ್ಮ್ ಸೀಮೆಯ ಹೇಬಿಕ್, ಎಲ್ಲರೂ ಈ ಪ್ರಸಂಗದ ಪುಸ್ತಕಗಳ ನಾಡಿನಲ್ಲಿ ಬೆಳೆದವರು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮರೆಮಾಚಿ ‘ಕನ್ನಡ ಸೇವಕ’ ಎಂದಷ್ಟೇ ಹಾರ ಹಾಕುವುದು ಅವರಿಗೂ ಒಪ್ಪಿಗೆಯಾಗುತ್ತಿರಲಿಲ್ಲ. ನಮ್ಮ ದೇವರುಗಳ ಬಗ್ಗೆ ಮಿಷನ್ನಿನ ಕಿರುಹೊತ್ತಿಗೆಗಳು ಆಡಿದ ಮಾತು ಈಗ ಓದಿದರೂ ಚುಚ್ಚುತ್ತದೆ. ಅದೇ ಮೊಗ್ಲಿಂಗ್ ಕಾಸಮೇಜರ್ ಎಂಬ ಅಧಿಕಾರಿಯ ದುಡ್ಡಿನಲ್ಲಿ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆ ತೆಗೆದು ಬಸವಪುರಾಣ, ತೊರವೆ ರಾಮಾಯಣ, ದಾಸರ ಪದಗಳನ್ನು ಅಚ್ಚಿಗೆ ತಂದರು. ಆ ಮಾಲೆಯಲ್ಲಿ ಜೈಮಿನಿ ಭಾರತವೂ ಇತ್ತು. ಈ ಎರಡನ್ನೂ ಒಟ್ಟಿಗೆ ಹೇಳಬೇಕು, ಒಂದನ್ನು ಬಿಟ್ಟರೆ ಮನುಷ್ಯ ಅರ್ಧವಾಗುತ್ತಾನೆ. ಅವರ ಪತ್ರಿಕೆಯಲ್ಲಿ ಊರ ವರ್ತಮಾನ, ಸರಕಾರಿ ನಿರೂಪ, ಸುಬುದ್ಧಿ, ಕಥೆ ಎಲ್ಲ ಇತ್ತು; ಮರುವರ್ಷವೇ ಬಳ್ಳಾರಿಗೆ ಹೋಗಿ ಹೆಸರೂ ಬದಲಾಯಿತು. ಹದಿನೈದು ದಿನಕ್ಕೊಂದು ಸಂಚಿಕೆ! ಮೂರು ತಿಂಗಳಿಗೊಂದಕ್ಕೇ ನಾನು ಇಷ್ಟು ಒದ್ದಾಡುತ್ತೇನೆ.

ನಮ್ಮ ಮಂಗಳೂರು ಬಲ್ಮಠದ ಅಕ್ಕನಿಗೆ ಪುಸ್ತಕದ ಫೋಟೋ ಕಳಿಸಿದ್ದೆ. ಅವರ ಮನೆಯಲ್ಲೂ ಸಂಜೆ ಪ್ರಾರ್ಥನೆಗೆ ಅಜ್ಜನದೇ ಓದಂತೆ. ಇಲ್ಲಿಗೆ ಬಂದ ಮೊದಲ ಕ್ರಿಸ್‌ಮಸ್‌ನಲ್ಲಿ ಚರ್ಚಿಗೆ ಹೋದರೆ, ಹಾಡು ಜರ್ಮನ್, ರಾಗ ಮಾತ್ರ ಮಂಗಳೂರಿನಲ್ಲಿ ಚಿಕ್ಕಂದಿನಿಂದ ಹಾಡಿದ್ದೇ. ಇವರು ಗಟ್ಟಿಯಾಗಿ ಕನ್ನಡದಲ್ಲೇ ಹಾಡಿಬಿಟ್ಟರು. ಮುಂದಿನ ಸಾಲಿನವರು ತಿರುಗಿ ನೋಡಿದರಂತೆ. “ನೋಡ್ಲಿ ಮಾರಾಯ್ತಿ, ನಂಗೆ ಇದು ಬಾಯಿಪಾಠ,” ಅಂದರು.

ಈಗ ಕೆಲಸದ ಮಾತು. ಹುಬ್ಬಳ್ಳಿಯವರು ಹೋದ ಮೇಲೆ ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುವವರೇ ಇಲ್ಲ. ಅಕ್ಷರ ಕಲಿಸಲು ಇಬ್ಬರಿದ್ದಾರೆ, ಓದಲು ಯಾರೂ ಇಲ್ಲ. ಕೇಳಿದವರೆಲ್ಲ ಹೇಳಿದ್ದು ಒಂದೇ: “ನನ್ನ ಕನ್ನಡ ಅಷ್ಟು ಶುದ್ಧ ಇಲ್ಲ.” ನಿಮ್ಮ ಕನ್ನಡವನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಹುಬ್ಬಳ್ಳಿಯದಿರಲಿ, ಕುಂದಾಪುರದ್ದಿರಲಿ, ಚಾಮರಾಜನಗರದ್ದಿರಲಿ. ಮುಕ್ಕಾಲು ಗಂಟೆ, ಒಂದು ಪುಸ್ತಕ, ಒಂದು ಗಂಟಲು. ತಿಂಗಳಿಗೆ ಒಂದು ಭಾನುವಾರ ಒಪ್ಪಿಕೊಂಡರೂ ನಾಲ್ಕು ಜನರಲ್ಲಿ ಮುಗಿಯಿತು. ಸೆಪ್ಟೆಂಬರ್‌ನಲ್ಲಿ ಶಾಲೆ ತೆರೆಯುವ ಮೊದಲು ಹೆಸರು ಕೊಡಿ. ಕೊಡದಿದ್ದರೆ ನಾನೇ ಫೋನ್ ಮಾಡುತ್ತೇನೆ, ಅದು ನಿಮಗೆ ಇಷ್ಟವಾಗುವುದಿಲ್ಲ.

ಪುಸ್ತಕ ಸದ್ಯ ನಮ್ಮ ಮನೆಯಲ್ಲಿದೆ, ನೋಡಬೇಕೆನ್ನುವವರು ಬನ್ನಿ. ಅದರಲ್ಲಿರುವ ಕುಟುಂಬದ ಊರಿನ ಚರ್ಚಿಗೆ ಒಯ್ದು ಕೊಡುವ ಯೋಚನೆ ಮೇಲಿನ ಮಹಡಿಯ ಅಜ್ಜಿಯದು. ನನಗೂ ಅದೇ ಸರಿ ಅನಿಸುತ್ತದೆ, ಸಮಿತಿ ಹೇಳಲಿ.

ಉಳಿದದ್ದು ಗಡಿಬಿಡಿಯಲ್ಲಿ: ಬೇಸಿಗೆ ವನಭೋಜನ ಈ ತಿಂಗಳ ಮೂರನೇ ಶನಿವಾರ ಕಿಲ್ಲೆಸ್‌ಬರ್ಗ್ ಪಾರ್ಕ್‌ನಲ್ಲಿ, ಮಳೆ ಬಂದರೆ ಮರುದಿನ, ಮರುದಿನವೂ ಬಂದರೆ ನಮ್ಮ ಕರ್ಮ. ಚಿತ್ರಾನ್ನ ಎಂಟು ಜನ ತರುತ್ತೇನೆಂದಿದ್ದಾರೆ, ದಯವಿಟ್ಟು ಯಾರಾದರೂ ಮೊಸರನ್ನಕ್ಕೆ ಬದಲಾಯಿಸಿ. ಟ್ಯೂಬಿಂಗೆನ್‌ಗೆ ಒಂದು ದಿನದ ಪ್ರವಾಸ ಆಗಸ್ಟ್‌ನಲ್ಲಿ. ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಊರು, ರೈಲಿನ ಗುಂಪು ಟಿಕೆಟ್ ತೆಗೆಯಲು ಸಂಖ್ಯೆ ಬೇಕು. ಗೌರಿ ಗಣೇಶಕ್ಕೆ ಹಾಲ್ ಸಿಕ್ಕಿದೆ, ಅಡುಗೆಮನೆ ಸಿಕ್ಕಿಲ್ಲ, ಆದ್ದರಿಂದ ಎಲ್ಲ ಮನೆಯಿಂದಲೇ ಮಾಡಿ ತರುವುದು. ಸದಸ್ಯತ್ವದ ಹಣ ಬಾಕಿ ಇರುವವರ ಪಟ್ಟಿ ಖಜಾಂಚಿಯವರ ಬಳಿ ಇದೆ, ಉದ್ದವಾಗಿದೆ. ಪ್ರೂಫ್ ನೋಡುವವರು ಒಬ್ಬರು ತುರ್ತಾಗಿ ಬೇಕು. ಮತ್ತೆ, ಸಂಘದ ದೊಡ್ಡ ಸಾಂಬಾರ್ ಪಾತ್ರೆ ಯುಗಾದಿಯಿಂದ ಕಾಣುತ್ತಿಲ್ಲ. ಯಾರ ಮನೆಯಲ್ಲಿದ್ದರೂ ಹಬ್ಬಕ್ಕೆ ಮೊದಲು, ಮುಚ್ಚಳದ ಸಮೇತ, ತಂದುಕೊಡಿ.