‘ನಾನು’ ಇಲ್ಲದ ಉತ್ತರ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ತೆರೆದ ಚರಂಡಿ ಬಗ್ಗೆ ನಾನು ಕೊಟ್ಟಿದ್ದ ಅರ್ಜಿಗೆ ನಿಮ್ಮ ಉತ್ತರ ಬಂತು. ಬಂದಿದ್ದೇ ದೊಡ್ಡದು, ಅದಕ್ಕೆ ಥ್ಯಾಂಕ್ಸ್. ಮೂರು ಸಲ ಓದಿದೆ. ‘ಕಾಮಗಾರಿ ವಿಳಂಬವಾಗಿದೆ. ಗುತ್ತಿಗೆದಾರರಿಗೆ ನೋಟಿಸ್ ನೀಡಲಾಗಿದೆ. ಅನುದಾನ ಬಿಡುಗಡೆಯಾಗಬೇಕಿದೆ. ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು.’ ಎಲ್ಲ ತಾನಾಗೇ ಆಗಿದೆ. ಮಾಡದೇ ಬಿಟ್ಟವರು ಯಾರು ಅಂತ ಹುಡುಕಿದೆ, ಸಿಗಲಿಲ್ಲ. ಇಡೀ ಪುಟದಲ್ಲಿ ‘ನಾನು’ ಅನ್ನುವ ಪದವೇ ಇಲ್ಲ. ಕೆಳಗಿನ ಸಹಿ ಮಾತ್ರ ನಿಮ್ಮದು.

ಚುನಾವಣೆ ಭಾಷಣದಲ್ಲಿ ಇದು ಉಲ್ಟಾ ಇತ್ತು, ಅಲ್ವಾ? ‘ನಾನು ಮಾಡಿಸುತ್ತೇನೆ, ನಾನೇ ನಿಂತು ಮುಗಿಸುತ್ತೇನೆ’ ಅಂದಿರಿ. ಮಳೆಗಾಲದೊಳಗೆ ಚಪ್ಪಡಿ ಹಾಕಿಸುವ ಮಾತು ಕೊಟ್ಟಿರಿ. ಮಳೆ ಬಂದು ಹೋಯಿತು. ಪಕ್ಕದ ಮನೆ ಅಜ್ಜಿ ಕತ್ತಲಲ್ಲಿ ಅದೇ ಚರಂಡಿಗೆ ಬಿದ್ದು ಕೈ ಮುರಿದುಕೊಂಡರು.

ನಾನೇನೂ ಸಾಚಾ ಅಲ್ಲ. ಲೋಟ ಕೈಜಾರಿದರೆ ‘ಬಿತ್ತು’ ಅನ್ನುತ್ತೇನೆ, ‘ಬೀಳಿಸಿದೆ’ ಅನ್ನುವುದಿಲ್ಲ. ಅಜ್ಜಿ ಬೀಳುವ ಹಿಂದಿನ ವಾರ ಅಲ್ಲಿ ಎರಡು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಬೇಕು ಅಂದುಕೊಂಡಿದ್ದೆ. ಕಟ್ಟಲಿಲ್ಲ. ‘ಟೈಮೇ ಸಿಗಲಿಲ್ಲ’ ಅಂತ ಅವರ ಮಗಳ ಹತ್ತಿರ ಹೇಳಿದೆ. ಸುಳ್ಳು. ದಿನಾ ಸಂಜೆ ಟಿವಿ ಮುಂದೆ ಸುಮ್ನೆ ಕೂತಿದ್ದೆ.

ನಿಮ್ಮ ಪತ್ರ ಓದುವಾಗ ಒಂದು ಹಳೇ ಚೀಟಿ ನೆನಪಾಯಿತು. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ ಫ್ರಾನ್ಸ್‌ನ ನಾರ್ಮಂಡಿ ತೀರದ ಮೇಲಿನ ದಾಳಿಗೆ ಮುಂಚೆ, ಆ ದಾಳಿಯ ಮುಖ್ಯಸ್ಥರಾಗಿದ್ದ ಅಮೆರಿಕದ ಜನರಲ್ ಐಸೆನ್‌ಹೋವರ್ ಅದನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಂಡಿದ್ದರು. ದಾಳಿ ಸೋತರೆ ಓದಲು. ಮೊದಲು ‘ಸೈನ್ಯವನ್ನು ವಾಪಸ್ ಕರೆಸಲಾಗಿದೆ’ ಅನ್ನುವ ಧಾಟಿಯಲ್ಲಿತ್ತು, ನಿಮ್ಮ ಪತ್ರದ ಹಾಗೇ. ಆಮೇಲೆ ಅದನ್ನು ಹೊಡೆದುಹಾಕಿ ‘ನಾನು ವಾಪಸ್ ಕರೆಸಿದ್ದೇನೆ’ ಅಂತ ತಿದ್ದಿದರು. ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದೇ ಅಂತಲೂ ಸೇರಿಸಿದರು. ಹವಾಮಾನ ಕೆಟ್ಟು ದಾಳಿ ಒಂದು ದಿನ ಮುಂದಕ್ಕೆ ಹೋಗಿತ್ತು. ನೆಪ ಬೇಕಿದ್ದರೆ ಅದೊಂದೇ ಸಾಕಿತ್ತು. ಆತಂಕ ಎಷ್ಟಿತ್ತೋ ಏನೋ, ಜೂನ್ 5ರ ಬದಲು ಜುಲೈ 5 ಅಂತ ತಾರೀಖು ಬರೆದಿದ್ದಾರೆ. ಗೆದ್ದಿದ್ದರಿಂದ ಚೀಟಿ ಓದುವ ಪ್ರಸಂಗ ಬರಲಿಲ್ಲ.

ಯುದ್ಧದ ಮಾತು ಜಾಸ್ತಿಯಾಯಿತು ಅನಿಸಿದರೆ ಸತೀಶ್ ಧವನ್ ಇದ್ದಾರೆ. 1979ರಲ್ಲಿ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು. ಯೋಜನೆಯ ನಿರ್ದೇಶಕರು ಕಲಾಂ. ಆದರೆ ಪತ್ರಕರ್ತರ ಮುಂದೆ ಹೊಣೆ ಹೊತ್ತವರು ಇಸ್ರೊ ಅಧ್ಯಕ್ಷರಾಗಿದ್ದ ಧವನ್. ಮರುವರ್ಷ ರಾಕೆಟ್ ಗೆದ್ದಾಗ ಮಾತಾಡಲು ಕಲಾಂ ಅವರನ್ನು ಕಳಿಸಿದರು.

ಗುತ್ತಿಗೆದಾರ ಕೈಕೊಟ್ಟಿರಬಹುದು, ದುಡ್ಡು ನಿಂತಿರಬಹುದು. ಹೇಳಿ, ಬೇಡ ಅನ್ನುವುದಿಲ್ಲ. ಆದರೆ ಕಾರಣ ಹೇಳಿದ ಮೇಲೂ ಕೆಲಸ ನಿಮ್ಮ ತಲೆ ಮೇಲೇ ಇರಬೇಕು. ಕಾರಣ ಹೇಳಿ ಕೈ ತೊಳೆದುಕೊಂಡರೆ ಅದಕ್ಕೆ ನೆಪ ಅನ್ನುತ್ತಾರೆ. ನನಗೆ ಬೇಕಾದ ಉತ್ತರ ಮೂರೇ ಸಾಲು: ‘ಮಳೆಗಾಲದೊಳಗೆ ಮುಗಿಸುತ್ತೇನೆ ಅಂದಿದ್ದೆ, ಮುಗಿಸಲಿಲ್ಲ. ಒಂದು ಸಲವೂ ಬಂದು ನೋಡಲಿಲ್ಲ. ಇಂಥ ತಾರೀಖಿಗೆ ಚಪ್ಪಡಿ ಹಾಕಿಸುತ್ತೇನೆ.’ ತಾರೀಖು ಮಾತ್ರ ನೀವೇ ತುಂಬಿ.

ಮೊನ್ನೆ ಅಜ್ಜಿ ಮಗಳಿಗೆ ನಿಜ ಹೇಳಿದೆ. ಚೆನ್ನಾಗಿ ಬೈದರು. ಕೋಲು ನೆಟ್ಟು ಬಟ್ಟೆ ಕಟ್ಟಿದ್ದೇನೆ. ಚಪ್ಪಡಿ ನನ್ನ ಕೈಲಾಗುವ ಕೆಲಸ ಅಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ